ಎಂಟಿಂಚು ಮಾರಿ ಐದಿಂಚು ತಂದೆ

"ಎಂಟಿಂಚು ಮಾರಿ ಐದಿಂಚು ತರ್ತಾನಂತೆ ನೋಡ್ರೋ" ಅಂತ ಚಿಕ್ಕಮಗಳೂರಿನ ನಮ್ಮ ಆರ್ಕೆಸ್ಟ್ರಾ ಗೆಳೆಯರು ನಕ್ಕಿದ್ದರು. ನಾನು ಹಾಡು ಮಿಕ್ಸ್ ಮಾಡುವ, ಅಂದರೆ ರೆಕಾರ್ಡ್ ಆದ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಸ್ಪೀಕರಿನ ಅಳತೆಯ ಮಾತು ಅದು. ಈಗ ಅವರಲ್ಲೇ ಇಬ್ಬರು ಮಿಕ್ಸ್ ಮಾಡಿಸೋಕೆ ನನ್ನ ಹತ್ತಿರ ಬರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಹಂಚಿನ ಮನೆಯ ಹತ್ತಡಿಗೆ ಹತ್ತಡಿ ರೂಮು. ಮೊದಲು ನಾಲ್ಕಿಂಚಿನ ಜೋಡಿ ಇಟ್ಟುಕೊಂಡು ನಟ್ಟನಡುವೆ ಕೂರುತ್ತಿದ್ದೆ. ಬೇಸ್ ಕೇಳಿಸುತ್ತಿರಲಿಲ್ಲ, ಅದಕ್ಕೆ ಏರಿಸುತ್ತಿದ್ದೆ. ಅದೇ ಮಿಕ್ಸ್ ಕಾರಲ್ಲಿ ಹಾಕಿದರೆ ಡಿಕ್ಕಿ ಗಡಗಡ. ಒಂದು ಭಾವಗೀತೆಯ ಕೆಲಸ ಮೂರು ಸಲ ವಾಪಸ್ ಬಂತು.

"ಸ್ಪೀಕರ್ ಸಣ್ಣದು ಮಾರಾಯ, ಎಂಟಿಂಚು ತಗೋ" ಅಂದರು. ನಲವತ್ತೈದು ಸಾವಿರದ ಹತ್ತಿರ ಕೊಟ್ಟು ಸೆಕೆಂಡ್ ಹ್ಯಾಂಡ್ ಜೋಡಿ ತಂದೆ. ಕೂತಲ್ಲಿ ಆಗಲೂ ಅದೇ ಕಥೆ. ಮೂಲೆಯ ಬಾಗಿಲಲ್ಲಿ ನಿಂತ ಅಮ್ಮ ಮಾತ್ರ "ಎಂಥದೋ ಅದು, ಎದೆಗೆ ಗುದ್ದತ್ತೆ" ಅಂತ ಬೈದರು.

ಅಲ್ಲಿ ತಲೆ ಓಡಿತು. ಅಳೆಯುವ ಮೈಕ್ ಎರವಲು ತಂದು, ರೂಮಿನ ಸದ್ದನ್ನು ಗ್ರಾಫ್ ಮಾಡಿ ತೋರಿಸುವ ಆರ್‌ಇಡಬ್ಲ್ಯೂ ಸಾಫ್ಟ್‌ವೇರಿನಲ್ಲಿ ನೋಡಿದೆ. 56 ಹರ್ಟ್ಸ್ ಹತ್ತಿರ, ಅಂದರೆ ತಗ್ಗಿನ ಬೇಸಿನಲ್ಲೇ, ದೊಡ್ಡ ಗುಂಡಿ! ಎದುರುಬದುರು ಗೋಡೆಗೆ ಬಡಿದು ವಾಪಸ್ ಬರುವ ಬೇಸ್ ನಟ್ಟನಡುವೆ ಒಂದನ್ನೊಂದು ಅಳಿಸಿಹಾಕುತ್ತೆ, ಹತ್ತಡಿಗೆ ಅದೇ ಲೆಕ್ಕ, ಅಲ್ವಾ? ಉದ್ದ ಅಗಲ ಒಂದೇ ಆಗಿ ಎರಡರ ಗುಂಡಿಯೂ ಅಲ್ಲೇ ಬಿದ್ದಿತ್ತು. ನಡುವೆ ಕೂತವನಿಗೆ ಏನೂ ಇಲ್ಲ, ಮೂಲೆಯಲ್ಲಿ ನಿಂತವರಿಗೆ ಗುಡುಗು. ಇದಕ್ಕೆ ಎಂಟಿಂಚು ಏನು ಮಾಡೀತು?

ಮಾರಿದೆ. ಹನ್ನೆರಡು ಸಾವಿರ ಹೋಯಿತು, ಇರಲಿ. ಐದಿಂಚಿನ ಯಮಾಹಾ ಎಚ್‌ಎಸ್5 ತಂದೆ. ಅದು ಇಳಿಯೋದೇ 54 ಹರ್ಟ್ಸ್ ತನಕ. ನನ್ನ ರೂಮಿಗೆ ಅಷ್ಟು ಸಾಕು. ಕುರ್ಚಿಯನ್ನು ಮುಂದಿನ ಗೋಡೆಯಿಂದ ನಾಲ್ಕಡಿಯೊಳಗೆ ತಂದೆ. ಸ್ಪೀಕರುಗಳ ನಡುವೆ ಮೂರಡಿ, ಕಿವಿಗೂ ಮೂರಡಿ. ಹಿಂದೆ ಗೋಡೆಗೆ ಐದಾರು ಇಂಚು ಅಷ್ಟೇ ಉಳಿಯಿತು. ಪೋರ್ಟ್, ಅಂದರೆ ಗಾಳಿಯ ತೂತು, ಹಿಂದೆ ಇರೋ ಸ್ಪೀಕರನ್ನು ಗೋಡೆಗೆ ಒತ್ತಬಾರದು ಅಂತ ಎಲ್ಲರೂ ಹೇಳಿದರು. ಬೇಸ್ ತಗ್ಗಿಸುವ ರೂಮ್ ಕಂಟ್ರೋಲ್ ಸ್ವಿಚ್ಚನ್ನು ಮೈನಸ್ 2ಕ್ಕೆ ಹಾಕಿದೆ, ಗೋಡೆಯಿಂದ ಊದಿದ ಬೇಸ್ ಇಳಿಯಿತು.

ಉಳಿದ ದುಡ್ಡು ಸದ್ದು ಹೀರುವ ಕಲ್ಲುನಾರಿನ ಹಾಸು, ಅಂದರೆ ರಾಕ್‌ವೂಲಿಗೆ. ಅದಕ್ಕೂ ಮುಂಚೆ ಒಂದು ಪೆದ್ದುತನ ಮಾಡಿದ್ದೆ. ಗೋಣಿಚೀಲಕ್ಕೆ ಕಾಫಿ ಸಿಪ್ಪೆ ತುಂಬಿ ನಾಲ್ಕೂ ಮೂಲೆಗೆ ಪೇರಿಸಿದೆ. ಬೇಸ್ ಹೀರುವ ಪುಕ್ಕಟೆ ಬೇಸ್ ಟ್ರ್ಯಾಪ್ ಅಂತ ಖುಷಿ. ಗ್ರಾಫ್ ಸ್ವಲ್ಪ ಅಲ್ಲಾಡಿದ್ದೂ ನಿಜ. ಮಳೆ ಶುರುವಾಗಿ ಎರಡು ವಾರಕ್ಕೆ ಬೂಸಲು ಹಿಡಿದು, ಹುಳ ಹರಿದು, ಹಾಡೋಕೆ ಬಂದ ಹುಡುಗಿ ಮೂಗು ಮುಚ್ಚಿಕೊಂಡು ಹೊರಗೆ ಹೋದಳು. ಎಲ್ಲಾ ತಿಪ್ಪೆಗೆ ಹೋಯಿತು. ಗೋಡೆಗೆ ಮೊಟ್ಟೆ ಟ್ರೇ ಅಂಟಿಸುವ ವಿಷಯ ಕೇಳಲೇಬೇಡಿ.

ಕೊನೆಗೆ ಸಿಲ್ವರ್ ಓಕ್ ರೀಪರಿನ ಚೌಕಟ್ಟು ಮಾಡಿಸಿ, ಎರಡಿಂಚಿನ ಸ್ಲ್ಯಾಬ್ ಜೋಡಿ ಜೋಡಿಯಾಗಿ ತುಂಬಿ, ಬಟ್ಟೆ ಹೊದಿಸಿದೆ. ಬಡಗಿ ಕೂಲಿ ಸೇರಿ ಒಂಬತ್ತು ಸಾವಿರವೋ ಹತ್ತೋ. ಎರಡು ಪಕ್ಕಕ್ಕೆ, ಒಂದು ತಲೆ ಮೇಲೆ, ಉಳಿದವು ಮೂಲೆಗೆ. ಮೂಲೆಯದರ ಹಿಂದೆ ಇನ್ನೊಂದು ಪದರ ಇದೆ. ಅದೇನು ಅಂತ ಹೇಳಲ್ಲ, ನಾಲ್ಕು ಸಲ ಬಿಚ್ಚಿ ಕಟ್ಟಿ ಕಲಿತದ್ದು.

ಆಷಾಢದಲ್ಲಿ ಹಂಚಿನ ಸದ್ದಿಗೆ ಯಾವ ಪ್ಯಾನೆಲ್ಲೂ ಇಲ್ಲ, ಆಗ ಹೆಡ್‌ಫೋನೇ ಗತಿ. 50 ಹರ್ಟ್ಸಿನ ಕೆಳಗಿನ ಬೇಸನ್ನು ಬೇಸಿಗೆಯಲ್ಲೂ ಹೆಡ್‌ಫೋನಲ್ಲೇ ನೋಡುತ್ತೇನೆ.

ಹೋದ ತಿಂಗಳು ಒಂದು ಜಾನಪದ ಹಾಡನ್ನು ಮುಗಿಸಿ ಗೆಳೆಯನ ಜೀಪಲ್ಲಿ ಹಾಕಿದೆವು. ಕೈಮರ ದಾಟುವ ತನಕ ಅವನು ವಾಲ್ಯೂಮ್ ಬಿಟ್ಟು ಬೇರೆ ಯಾವ ಗುಂಡಿಯನ್ನೂ ಮುಟ್ಟಲಿಲ್ಲ. ಆಮೇಲೆ ಮೆಲ್ಲಗೆ "ಆ ಬಡಗಿ ನಂಬರ್ ಕೊಡು" ಅಂದ.