ಕಲ್ಲಿದ್ದಲು ರೈಲು ಬೇಡ ಅನ್ನುವ ಊರು ಏನು ಮಾಡಬಹುದು?

ರೈಲನ್ನು ನಿಲ್ಲಿಸೋದು ಯಾವ ನಗರಸಭೆಯ ಕೈಲೂ ಆಗೋದಿಲ್ಲ. ಆದರೂ ಅಮೆರಿಕದ ವಾಷಿಂಗ್ಟನ್ ರಾಜ್ಯದ (ಸಿಯಾಟಲ್ ಇರುವುದು ಅಲ್ಲೇ) ಊರುಗಳು ಗೆದ್ದವು. 2011ರಲ್ಲಿ ಅಲ್ಲಿನ ವಾಟ್ಕಮ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಚೆರ್ರಿ ಪಾಯಿಂಟ್‌ನಲ್ಲಿ ಬಂದರು ಕಟ್ಟುವ ಯೋಜನೆ ಬಂತು. ವಯೋಮಿಂಗ್, ಮೊಂಟಾನಾ ಗಣಿಗಳಿಂದ ವರ್ಷಕ್ಕೆ 4.8 ಕೋಟಿ ಟನ್ ಕಲ್ಲಿದ್ದಲು ತಂದು ಏಷ್ಯಾಕ್ಕೆ ಹಡಗು ಹತ್ತಿಸುವ ಲೆಕ್ಕಾಚಾರ. ಅದಕ್ಕೆ ದಿನಕ್ಕೆ 18 ರೈಲು: ತುಂಬಿದ್ದು 9, ಖಾಲಿ 9. ಅವರು ಹಿಡಿದ ದಾರಿ ಹೀಗಿತ್ತು.

1. ಗೇಟಿನಿಂದ ಶುರು ಮಾಡಿ

ಹವಾಮಾನ ಬದಲಾವಣೆ ಅಂತ ಭಾಷಣ ಶುರು ಮಾಡಿದರೆ ಅರ್ಧ ಸಭೆ ಎದ್ದು ಹೋಗುತ್ತದೆ. ರೈಲ್ವೆ ಗೇಟ್ ಎಷ್ಟು ಹೊತ್ತು ಬಿದ್ದಿರುತ್ತೆ ಅಂತ ಹೇಳಿ, ಯಾರೂ ಏಳೋದಿಲ್ಲ. ಒಂದು ರೈಲು ಸುಮಾರು 2.4 ಕಿ.ಮೀ. ಉದ್ದ. ಗಂಟೆಗೆ 24 ಕಿ.ಮೀ. ವೇಗದಲ್ಲಿ ಹೋದರೆ ದಾಟಲು 6 ನಿಮಿಷ ಬೇಕು, 18 ರೈಲಿಗೆ ದಿನಕ್ಕೆ ಒಟ್ಟು 108 ನಿಮಿಷ, ಆ ಹೊತ್ತಲ್ಲಿ ಬಂದ ಆಂಬುಲೆನ್ಸ್ ಈಚೆಗೇ ನಿಂತಿರಬೇಕು.

ಧೂಳಿನ ವಿಷಯಕ್ಕೆ ಎದುರಿನವರದ್ದೇ ಲೆಕ್ಕ ಹಿಡಿಯಿರಿ. ಒಂದು ವ್ಯಾಗನ್‌ನಿಂದ 500 ಪೌಂಡಿನಿಂದ ಒಂದು ಟನ್‌ವರೆಗೆ ಪುಡಿ ಹಾರಿಹೋಗಬಹುದು ಎಂದವರು ಪರಿಸರದವರಲ್ಲ, ಕಲ್ಲಿದ್ದಲು ಸಾಗಿಸುವ ಬಿಎನ್‌ಎಸ್‌ಎಫ್ ರೈಲ್ವೆ ಕಂಪನಿಯವರೇ. ಪುಡಿ ಜಲ್ಲಿಯೊಳಗೆ ಸೇರಿ ತಮ್ಮ ಹಳಿ ಹಾಳಾಗುತ್ತೆ ಅನ್ನೋದು ಅವರ ದೂರು!

2. ನಿರ್ಣಯ ಮಾಡಿ, ಅದನ್ನೇ ನಂಬಿ ಕೂರಬೇಡಿ

ಸಿಯಾಟಲ್ ನಗರಸಭೆ 2012ರ ಮೇನಲ್ಲಿ ವಿರೋಧದ ನಿರ್ಣಯ ಮಾಡಿತು. ಕಾನೂನಿನ ಬಲ ಅದಕ್ಕಿಲ್ಲ, ಆದರೆ ಪಕ್ಕದ ಊರುಗಳಿಗೆ ಧೈರ್ಯ ಬಂತು. ಅದೇ ವರ್ಷ ವಾಟ್ಕಮ್ ಕೌಂಟಿಯ ಬೆಲಿಂಗ್‌ಹ್ಯಾಮ್ ಊರಿನವರು ಕಲ್ಲಿದ್ದಲು ರೈಲನ್ನೇ ನಿಷೇಧಿಸಲು ಜನಮತಕ್ಕೆ ಹೋದರು. ಕೋರ್ಟ್ ತಡೆಯಿತು. ರೈಲು ಓಡಾಟ ಕೇಂದ್ರದ ಕಾನೂನಿಗೆ ಸೇರಿದ್ದು, ಊರಿನ ಮತಕ್ಕೆ ಅಲ್ಲಿ ಜಾಗ ಇಲ್ಲ.

3. ಪರ್ಮಿಟ್ ಯಾರ ಕೈಲಿದೆ ಹುಡುಕಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ರೈಲಿಗೆ ಊರಿನ ಅಪ್ಪಣೆ ಬೇಡ, ಸರಿ. ಆದರೆ ಬಂದರಿಗೆ ದಡ ಬೇಕು, ನೀರು ಬೇಕು, ಅದಕ್ಕೆಲ್ಲ ಕೌಂಟಿ, ರಾಜ್ಯ, ಸೇನೆಯ ಎಂಜಿನಿಯರ್ ದಳ ಹೀಗೆ ಎಲ್ಲರ ಸಹಿ ಬೇಕು. ಪರಿಸರ ವರದಿಯಲ್ಲಿ ಏನೇನು ಸೇರಬೇಕು ಅಂತ ಕೇಳಿದಾಗ ಸುಮಾರು 1.25 ಲಕ್ಷ ಅಭಿಪ್ರಾಯಗಳು ಬಂದವು. 2013ರ ಜುಲೈನಲ್ಲಿ ರಾಜ್ಯದ ಪರಿಸರ ಇಲಾಖೆ, ಬಂದರಷ್ಟೇ ಅಲ್ಲ, ರಾಜ್ಯದ ಉದ್ದಕ್ಕೂ ರೈಲು ಓಡಾಟವನ್ನೂ ಏಷ್ಯಾದಲ್ಲಿ ಸುಡುವ ಕಲ್ಲಿದ್ದಲಿನ ಹೊಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆ ಎಂದಿತು. ಹಳಿ ಮೇಲೆ ತಡೆಯಲಾಗದ ರೈಲು ಫೈಲಿನೊಳಗೆ ಸಿಕ್ಕಿಬಿತ್ತು.

4. ಸಹಿ ಹಾಕುವವರು ಬಾಯಿ ಬಿಡಬಾರದು

ಪರ್ಮಿಟ್ ತೀರ್ಮಾನಿಸುವ ಕೌಂಟಿ ಸದಸ್ಯರು ಜಡ್ಜ್‌ಗಳ ಥರ. ಮೊದಲೇ ‘ಬೇಡ’ ಅಂದರೆ ಪಕ್ಷಪಾತ ಅಂತ ಕಂಪನಿ ಕೋರ್ಟಿಗೆ ಹೋಗಬಹುದು. ಹಾಗಾಗಿ 2013ರ ಚುನಾವಣೆಯಲ್ಲಿ ಊರೆಲ್ಲ ಕಲ್ಲಿದ್ದಲಿನದ್ದೇ ಮಾತು, ಅಭ್ಯರ್ಥಿಗಳು ಮಾತ್ರ ಆ ಪ್ರಶ್ನೆಗೆ ನೇರ ಉತ್ತರ ಕೊಡುವ ಹಾಗಿರಲಿಲ್ಲ. ನಮ್ಮಲ್ಲಿ ಊಹಿಸೋದೂ ಕಷ್ಟ, ಅಲ್ವಾ?

5. ಹಳೇ ಹಕ್ಕುದಾರರ ಜೊತೆ ನಿಲ್ಲಿ

ಕೊನೆಯ ಪೆಟ್ಟು ಕೊಟ್ಟಿದ್ದು ಯಾವ ನಗರಸಭೆಯೂ ಅಲ್ಲ. ಅಲ್ಲಿನ ಮೂಲನಿವಾಸಿಗಳಾದ ಲಮ್ಮಿ ಜನರಿಗೆ 1855ರ ಒಪ್ಪಂದದಿಂದ ಮೀನು ಹಿಡಿಯುವ ಹಕ್ಕಿದೆ. ಬಂದರಿನಿಂದ ಅದಕ್ಕೆ ಧಕ್ಕೆ ಅಂತ ಸೇನೆಯ ಎಂಜಿನಿಯರ್ ದಳ 2016ರ ಮೇ 9ರಂದು ಅನುಮತಿ ನಿರಾಕರಿಸಿತು. ಅದೇ ರಾಜ್ಯದ ಲಾಂಗ್‌ವ್ಯೂನಲ್ಲಿ ವರ್ಷಕ್ಕೆ 4.4 ಕೋಟಿ ಟನ್ನಿನ ಇನ್ನೊಂದು ಕಲ್ಲಿದ್ದಲು ಬಂದರಿನ ಯೋಜನೆ 2017ರಲ್ಲಿ ನೀರಿನ ಗುಣಮಟ್ಟದ ಸರ್ಟಿಫಿಕೇಟ್ ಸಿಗದೆ ನಿಂತಿತು.

6. ಗೆದ್ದ ಮೇಲೆ ನಿಯಮ ಬದಲಿಸಿ

ಇಲ್ಲದಿದ್ದರೆ ಬೇರೆ ಹೆಸರಲ್ಲಿ ಮತ್ತೆ ಬರುತ್ತಾರೆ. ವಾಟ್ಕಮ್ ಕೌಂಟಿ 2021ರಲ್ಲಿ ಭೂಬಳಕೆ ನಿಯಮವನ್ನೇ ತಿದ್ದಿ ಇಂಥ ಹೊಸ ಬಂದರುಗಳಿಗೆ ಬಾಗಿಲು ಹಾಕಿತು.

ನಮ್ಮ ಕಡೆ ಹೇಗೆ?

ಇಲ್ಲಿ ಕಥೆ ಉಲ್ಟಾ, ಕಲ್ಲಿದ್ದಲು ಹೊರಗಿಂದ ಒಳಗೆ ಬರುತ್ತದೆ. ಗೋವಾದ ಮುರ್ಮುಗಾವ್‌ನಲ್ಲಿ ಇಳಿದು ಕ್ಯಾಸಲ್‌ರಾಕ್ ಘಟ್ಟ ಹತ್ತಿ ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗೆ ಹೋಗುತ್ತದೆ. ಈ ದಾರಿಗೆ ಜೋಡಿ ಹಳಿ ಬೇಡ ಅಂತ ಗೋವಾದ ಗ್ರಾಮಸಭೆಗಳು ನಿರ್ಣಯ ಮಾಡಿದವು, 2020ರಲ್ಲಿ ಚಾಂದೋರ್‌ನಲ್ಲಿ ಜನ ರಾತ್ರಿ ಹಳಿ ಮೇಲೆ ಕೂತರು. ಆದರೆ ಕ್ಯಾಸಲ್‌ರಾಕ್–ಕುಳೆ ಭಾಗದ ಜೋಡಿ ಹಳಿಯ ಅನುಮತಿಯನ್ನು 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ್ದು ವನ್ಯಜೀವಿಗಳ ಕಾರಣಕ್ಕೆ.

ಯಾವ ಯೋಜನೆಗೆ ಮೊದಲೇ ಪರಿಸರ ಅನುಮತಿ ಬೇಕು ಅಂತ ಹೇಳುವ ನಮ್ಮ 2006ರ ಪರಿಸರ ಅಧಿಸೂಚನೆಯ ಪಟ್ಟಿಯಲ್ಲಿ ರೈಲು ಹಳಿ ಇಲ್ಲ, ಬಂದರು ಇದೆ. ಹಾಗಾಗಿ ಬಂದರಿನ ಸಾರ್ವಜನಿಕ ವಿಚಾರಣೆಯ ನೋಟಿಸ್‌ಗೆ ಕಣ್ಣಿಡಿ. ಕನಿಷ್ಠ 30 ದಿನ ಮೊದಲು ಸ್ಥಳೀಯ ಭಾಷೆಯ ಪತ್ರಿಕೆಯಲ್ಲೂ ಬರಬೇಕು, ಸಾರಾಂಶ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಅದನ್ನು ಓದಿ, ಗೇಟಿನ ಲೆಕ್ಕವನ್ನು ಬರೆದುಕೊಂಡು ಹೋಗಿ, ಅದು ನಡಾವಳಿಯಲ್ಲಿ ದಾಖಲಾಯಿತೇ ಅಂತ ನೋಡಿಯೇ ಮನೆಗೆ ಹೊರಡಿ.