ಕೊನೆಗೂ ಮೇಕೆಯ ಎಳೆ ಕುಗ್ಗಿತು

20 ಮಿಲಿಮೀಟರ್ ಇದ್ದ ಮೇಕೆ ಸ್ನಾಯುವಿನ ಎಳೆ, ಎಟಿಪಿ (ಸ್ನಾಯುವಿಗೆ ಶಕ್ತಿ ಕೊಡುವ ರಾಸಾಯನಿಕ) ಬಿಟ್ಟ ಮೇಲೆ ಅರ್ಧ ನಿಮಿಷದಲ್ಲಿ 12ಕ್ಕೆ ಬಂದು ನಿಂತಿತು. ಕಳೆದ ಡಿಸೆಂಬರಿನಲ್ಲಿ, ಹಾಸನದ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ. "ಅಂಗಡಿಯ ಮಾಂಸ ಒಲೆಯ ಮೇಲೆ ಮಾತ್ರ ಕುಗ್ಗುತ್ತದೆ ಸರ್" ಎಂದಿದ್ದ ಹಿರಿಯ ಸಹೋದ್ಯೋಗಿಯೇ ಸ್ಕೇಲ್ ಹಿಡಿದು ಎರಡು ಸಲ ಅಳೆದರು.

ಕಪ್ಪೆ ಕೊಯ್ಯುವುದು ನಿಂತ ಮೇಲೆ ಸ್ನಾಯು ಸಂಕೋಚನವೆಂದರೆ ಬೋರ್ಡಿನ ಮೇಲಿನ ಚಿತ್ರವಷ್ಟೇ ಆಗಿತ್ತು. ಅದನ್ನು ಮಾಡಿ ತೋರಿಸುವ ಹೊರದೇಶದ ಕಿಟ್‌ಗೆ ಸುಮಾರು 18,000 ರೂಪಾಯಿ ಕೇಳಿದರು. ಅದರಲ್ಲಿರುವುದು ಗ್ಲಿಸರಿನ್‌ನಲ್ಲಿಟ್ಟ ಮೊಲದ ಸ್ನಾಯು, 1949ರಲ್ಲಿ ಹಂಗೇರಿ ಮೂಲದ ಜೀವರಸಾಯನ ವಿಜ್ಞಾನಿ ಸೆಂಟ್-ಗ್ಯೋರ್ಗಿ ತೋರಿಸಿಕೊಟ್ಟ ದಾರಿ. ಮೊಲದ ಜಾಗದಲ್ಲಿ ಮೇಕೆ ಏಕಾಗಬಾರದು ಎಂದು ಹೊರಟೆ.

ಮೊದಲ ಸಲ ಬೆಳಿಗ್ಗೆ ಒಂಬತ್ತಕ್ಕೆ ಮಾಂಸ ತಂದೆ. ಆ ಹೊತ್ತಿಗಾಗಲೇ ಅದು ಸೆಟೆದಿತ್ತು. ತಂದದ್ದೆಲ್ಲ ದಂಡ. ಆಮೇಲೆ ಪೆನ್ಷನ್ ಮೊಹಲ್ಲಾದ ಅಂಗಡಿಗೆ ಐದೂವರೆಗೇ ಹೋಗಿ ನಿಂತೆ. "ಬಿಸಿ ಮಾಂಸ ಸಾರಿಗೆ ಚೆನ್ನಾಗಿರುವುದಿಲ್ಲ ಮೇಷ್ಟ್ರೇ, ಸ್ವಲ್ಪ ಹೊತ್ತು ಬಿಡಿ" ಎಂದರು ಅಂಗಡಿಯವರು. ನನಗೆ ಬೇಕಾದದ್ದು ಬಿಸಿಯದೇ. ಸೊಂಟದ ಬಳಿ ಬೆನ್ನೆಲುಬಿನ ಒಳಮಗ್ಗುಲಿಗೆ ಅಂಟಿರುವ ಉದ್ದನೆಯ ಮೆತ್ತನೆಯ ಸ್ನಾಯುವನ್ನು ಸೀಳಿ, ಪೊರಕೆ ಕಡ್ಡಿಗೆ ಎರಡೂ ತುದಿ ಬಿಗಿದು ಕಟ್ಟಿ, ಅಲ್ಲೇ ಐಸ್ ಡಬ್ಬಿಯಲ್ಲಿದ್ದ ಅರ್ಧಕ್ಕರ್ಧ ಗ್ಲಿಸರಿನ್‌ಗೆ ಇಳಿಸಿದೆ. ಮರುದಿನ ಗ್ಲಿಸರಿನ್ ಬದಲಿಸಿ ಫ್ರೀಜರಿನಲ್ಲಿ ಮೂರು ವಾರ. ಜುಲೈ ಮಳೆಗೆ ಎರಡು ದಿನ ವಿದ್ಯುತ್ ಹೋಗಿ ಆ ಕಟ್ಟೂ ಹಾಳಾಯಿತು.

ಮೂರನೆಯದು ಚೆನ್ನಾಗಿಯೇ ಇತ್ತು. ಕೆಡಿಸಿದ್ದು ದಶಮಾಂಶದ ಚುಕ್ಕೆ. ಎಳೆಯ ಮೇಲೆ ಬಿಡುವ ದ್ರಾವಣಕ್ಕೆ ಲೀಟರಿಗೆ 3.7 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಹಾಕಬೇಕಾದಲ್ಲಿ 37 ಗ್ರಾಂ ಬಿತ್ತು. ಎಳೆ ಕುಗ್ಗುವುದಿರಲಿ, ಲೋಳೆಯಾಗಿ ಅಂಚು ಕರಗಿತು. ಅರ್ಧ ಮೋಲಾರ್ (ಅಂದರೆ ಲೀಟರಿಗೆ ಆ 37 ಗ್ರಾಂ) ಉಪ್ಪಿನಲ್ಲಿ ಮಯೋಸಿನ್, ಅಂದರೆ ಸ್ನಾಯುವನ್ನು ಕುಗ್ಗಿಸುವ ಪ್ರೋಟೀನ್, ಕರಗುತ್ತದೆಂದು ಪ್ರತಿವರ್ಷ ಪಾಠ ಮಾಡುವವನು ನಾನು; ಕಣ್ಣಾರೆ ಕಂಡದ್ದು ಅಂದೇ. ಈಗ ಬೇಕೆಂದೇ ಒಂದು ಎಳೆಯನ್ನು ಹಾಗೆ ಕರಗಿಸಿ ಮಕ್ಕಳಿಗೆ ತೋರಿಸುತ್ತೇನೆ.

ನಾಲ್ಕನೆಯ ಸೋಲು ಜೇಬಿಗೆ ಬಿದ್ದ ಪೆಟ್ಟು. ಒಂದು ಗ್ರಾಂ ಎಟಿಪಿಗೆ ಕೊರಿಯರ್ ಸೇರಿ 2,500ರ ಆಸುಪಾಸು ಕೊಟ್ಟಿದ್ದೆ. ನೀರಿಗೆ ಹಾಕಿದರೆ ಅದು ಹುಳಿಯೇ, ಪಿಎಚ್ ಮೂರರ ಹತ್ತಿರ. ಏಳಕ್ಕೆ ತಾರದೆ ಎಳೆಯ ಮೇಲೆ ಬಿಟ್ಟು ದಿನವಿಡೀ ಕಾದೆ. ನಾಲ್ಕು ಸೋಲಿಗೆ ಒಟ್ಟು ಒಂಬತ್ತು ಸಾವಿರವಾದರೂ ಹೋಗಿರಬೇಕು. ಗೆದ್ದ ಕಟ್ಟಿಗೆ ಆದದ್ದು ನಾಲ್ಕು ಸಾವಿರ ಚಿಲ್ಲರೆ.

ಇನ್ನು ಲವಣಗಳ ಮಾತು. ಎಟಿಪಿ ಇಲ್ಲದ ಬರೀ ಉಪ್ಪಿನ ದ್ರಾವಣದಲ್ಲಿ ಎಳೆ ಅಲುಗಲಿಲ್ಲ, 20 ಇದ್ದದ್ದು 20. ಬಟ್ಟಿ ಇಳಿಸಿದ ನೀರಿನಲ್ಲಿ ಕರಗಿಸಿದ ಕಾಲು ಶೇಕಡಾ ಎಟಿಪಿ ಮಾತ್ರ ಬಿಟ್ಟರೆ 17ರವರೆಗೆ ಬಂತು. ಮೆಗ್ನೀಸಿಯಂ ಸೇರಿಸಿದಾಗ 15. ಅದಕ್ಕೆ 0.05 ಮೋಲಾರ್ (ಆ 3.7 ಗ್ರಾಂ) ಪೊಟ್ಯಾಸಿಯಂ ಕ್ಲೋರೈಡ್ ಕೂಡಿದಾಗಲೇ 12. ಮಯೋಸಿನ್‌ಗೆ ಎಟಿಪಿ ದಕ್ಕುವುದು ಮೆಗ್ನೀಸಿಯಂ ಜೊತೆಗೂಡಿದಾಗ ಎಂಬುದು ಸ್ಕೇಲಿನ ಮೇಲೆ ಹೀಗೆ ಕಾಣುತ್ತದೆ. ಪೊಟ್ಯಾಸಿಯಂ ಕ್ಲೋರೈಡನ್ನು 0.2ಕ್ಕೆ ಏರಿಸಿದರೆ ಕುಗ್ಗುವಿಕೆ ಮತ್ತೆ ಸೋತಿತು. ಮೆಗ್ನೀಸಿಯಂ ಕ್ಲೋರೈಡ್ ನಮ್ಮ ಮಳೆಗಾಲದಲ್ಲಿ ಬಾಟಲಿಯೊಳಗೇ ನೀರಾಗುತ್ತದೆ, ತೂಕವನ್ನು ನಂಬಲಾಗದು. ಲೀಟರಿಗೆ ಕಾಲು ಗ್ರಾಂ ಮೆಗ್ನೀಸಿಯಂ ಸಲ್ಫೇಟ್ ಹಾಕಿ, ಅದೇ ಕೆಲಸ ಮಾಡುತ್ತದೆ.

ಎಳೆ ದಪ್ಪವಿದ್ದರೆ ಎಟಿಪಿ ಒಳಗೆ ಇಳಿಯುವುದಿಲ್ಲ, ಕೂದಲಿನಷ್ಟು ತೆಳುವಾಗಿ ಬಿಡಿಸಬೇಕು. ಹರಿಯದಂತೆ ಬಿಡಿಸುವ ಒಂದು ಕೈಚಳಕ ನನ್ನ ಬಳಿ ಇದೆ. ಅದನ್ನು ಬರೆಯುವುದಿಲ್ಲ, ಪ್ರಯೋಗಾಲಯಕ್ಕೆ ಬಂದವರಿಗೆ ತೋರಿಸುತ್ತೇನೆ.

ನಡುವೆ ಅರಸೀಕೆರೆ ಕಡೆಯ ಎಳನೀರಿನ ಮೇಲೂ ಕಣ್ಣು ಬಿತ್ತು. ಅದರಲ್ಲಿರುವ ಪೊಟ್ಯಾಸಿಯಂ ಹೆಚ್ಚುಕಡಿಮೆ ನಮ್ಮ ದ್ರಾವಣದಷ್ಟೇ, ಮೆಗ್ನೀಸಿಯಂ ಕೂಡ ಇದೆ. ಸೋಸಿ, ಹುಳಿ ಕಳೆದು, ಎಟಿಪಿ ಬೆರೆಸಿ ಬಿಟ್ಟೆ. ಎಳೆ 14ಕ್ಕೆ ಬಂತು! ಮೂರು ಸಲ ಮಾಡಿದರೂ ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ವ್ಯತ್ಯಾಸವಾಗಲಿಲ್ಲ. ನಾಟಿ ಕೋಳಿಯ ಎದೆಯ ಎಳೆ ಮಾತ್ರ ಎರಡು ಸಲವೂ ಪುಡಿಪುಡಿಯಾಯಿತು. ಮೂರನೆಯ ಕಟ್ಟು ಫ್ರೀಜರಿನಲ್ಲಿದೆ, ತೆಗೆಯಲು ಇನ್ನು ಹತ್ತು ದಿನ.