ಇಗೊರೊಟ್ ಜನರ ಸುದ್ದಿ ಹೇಗೆ ಓದಬೇಕು?

ಚಿತ್ರದುರ್ಗದ ಹಾಸ್ಟೆಲ್ ಮಕ್ಕಳಿಗೆ ನಾನು ಪೇಪರ್ ಓದುವುದನ್ನು ಹೇಳಿಕೊಡುತ್ತೇನೆ. ಫಿಲಿಪ್ಪೀನ್ಸ್‌ನ ಇಗೊರೊಟ್ ಜನರ ಸುದ್ದಿ ಬಂದರೆ ಹೀಗೆ ಓದಿ.

ಮೊದಲು, ಯಾರ ಸುದ್ದಿ ಅಂತ ನೋಡಿ. ಲುಝಾನ್ ದ್ವೀಪದ ಬೆಟ್ಟಗಳ ಇಫುಗಾವೊ, ಬೊಂಟೊಕ್, ಇಬಲೊಯ್, ಹೀಗೆ ಹಲವು ಜನಾಂಗಗಳು ಇಗೊರೊಟ್ ಅನ್ನುವ ಹೆಸರಿನಲ್ಲಿ ಸೇರುತ್ತವೆ. ಎಲ್ಲರನ್ನೂ ಒಂದೇ ಅಂದುಕೊಳ್ಳಬೇಡಿ.

ಆಮೇಲೆ ಫೋಟೊ. ಬರೀ ಈಟಿ, ಗರಿ, ಲಂಗೋಟಿ ಇದ್ದರೆ ಅನುಮಾನಪಡಿ. ಇದು ಹಳೇ ಚಾಳಿ. 1904ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಮೇಳಕ್ಕೆ ಇವರನ್ನು ಕರೆದೊಯ್ದು, ನಾಯಿ ಮಾಂಸ ತಿನ್ನುವುದನ್ನೇ ದೊಡ್ಡ ಪ್ರದರ್ಶನ ಮಾಡಿದರು. ನೆನೆಸಿಕೊಂಡರೆ ಸಂಕಟವಾಗುತ್ತದೆ. ನಮ್ಮಲ್ಲೂ ಲಂಬಾಣಿ ತಾಂಡಾ ಅಂದರೆ ಕನ್ನಡಿ ಹಚ್ಚಿದ ಲಂಗ, ಕುಣಿತ ತೋರಿಸುತ್ತಾರೆ. ಕಾಫಿ ತೋಟಕ್ಕೆ ಗುಳೆ ಹೋಗುವವರನ್ನು ಜಾಸ್ತಿ ತೋರಿಸಲ್ಲ, ಅಲ್ವಾ?

ಗಣಿ, ಅಣೆಕಟ್ಟಿನ ಸುದ್ದಿಯಾದರೆ ನಿಧಾನವಾಗಿ ಓದಿ. ಅಲ್ಲಿನ ಚಿಕೊ ನದಿಯ ಅಣೆಕಟ್ಟು ಬೇಡ ಎಂದ, ಇಗೊರೊಟ್‌ರಲ್ಲೇ ಸೇರುವ ಕಲಿಂಗ ಜನಾಂಗದ ಹಿರಿಯ ಮಕ್ಲಿಇಂಗ್ ದುಲಾಗ್ ಅವರನ್ನು 1980ರಲ್ಲಿ ಸೈನಿಕರು ಗುಂಡಿಟ್ಟು ಕೊಂದರು. ಪೂರ್ವಿಕರ ಜಮೀನಿನ ಹಕ್ಕನ್ನು ಅಲ್ಲಿನ ಕಾನೂನು ಒಪ್ಪಿಕೊಂಡಿದ್ದು 1997ರಲ್ಲಿ. ಅದಕ್ಕೇ, ಊರಿನವರ ಒಪ್ಪಿಗೆ ಕೇಳಿದ್ದಾರಾ ಅಂತ ಹುಡುಕಿ. ವರದಿಯಲ್ಲಿ ಅಧಿಕಾರಿಗಳ ಮಾತಿಗೆ ಒಂದು ಬಣ್ಣ, ಊರಿನವರ ಮಾತಿಗೆ ಇನ್ನೊಂದು ಬಣ್ಣದ ಗೆರೆ ಎಳೆಯಿರಿ. ಎರಡನೇ ಬಣ್ಣ ಕಾಣದಿದ್ದರೆ ಬೇರೆ ವರದಿ ಹುಡುಕಿ ಓದಿ.